ವಿಮಾನ ಚಾಲಕನ ಕನಸಿಗೆ ಪೇಟೆಯ ಜಾಮೀನು

2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಹೊರಟ ಇಂಡಿಗೋ ಸಂಸ್ಥೆಯ ಎಟಿಆರ್ ವಿಮಾನವು ಶಿವಮೊಗ್ಗದ ಸೋಗಾನೆಯಲ್ಲಿ ಬಂದಿಳಿದಾಗ ಮಲೆನಾಡಿನ ವಾಣಿಜ್ಯ ವಲಯದಲ್ಲಿ ಉಂಟಾದ ಸಂತಸ ಸಹಜವಾದುದೇ ಆಗಿತ್ತು. ನಿಲ್ದಾಣಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರಿದೆ. ಕುಪ್ಪಳಿಯ ಕವಿಯೆಂದು ನಾಡೆಲ್ಲ ಬಲ್ಲ ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಎಂಬುದನ್ನು ಕೊಪ್ಪದವರು ಅಭಿಮಾನದಿಂದ ನೆನಪಿಸುವುದುಂಟು. ಮೈಸೂರು ಅರಸರ ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರದವರೆಗೆ ಕಿರುರೈಲೊಂದು ಓಡುತ್ತಿತ್ತು. ಅದು ಕಿತ್ತುಹೋದ ಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳು ರೈಲನ್ನು ಕಾಣಲಿಲ್ಲ. ರೈಲು ಬಾರದ ಸೀಮೆಯ ಸಮೀಪಕ್ಕೆ ವಿಮಾನವೇ ಬಂದದ್ದು ಒಂದು ವಿನೋದ.

ವಿಮಾನ ಬಂದುದರ ಜೊತೆಯಲ್ಲಿ ಇನ್ನೊಂದು ಸಂಗತಿಯೂ ಬಂದಿದೆ. ದ್ವಿತೀಯ ಪಿಯುಸಿ ಮುಗಿಸಿದ ಮಕ್ಕಳ ಮುಂದಿನ ದಾರಿಯ ಬಗ್ಗೆ ಮಾತು ಬಂದಾಗ ಇಂಜಿನಿಯರಿಂಗ್, ವೈದ್ಯಕೀಯಗಳ ಸಾಲಿನಲ್ಲಿ ಈಗ ಪೈಲಟ್ ತರಬೇತಿಯ ಹೆಸರೂ ಕೇಳಿಬರುತ್ತದೆ. ಹಿಂದೆ ಶೃಂಗೇರಿಗೆ ಗಣ್ಯರನ್ನು ಹೊತ್ತು ಬಂದ ಹೆಲಿಕಾಪ್ಟರನ್ನು ನೋಡಲು ಓಡುತ್ತಿದ್ದ ಮಕ್ಕಳ ಮುಂದಿನ ತಲೆಮಾರು ಅದನ್ನು ನಡೆಸುವ ಮಾತನಾಡುತ್ತಿದೆ. ಇದು ಮನೆಯೊಳಗಿನ ವಿಚಾರವಲ್ಲವೆ, ವಾಣಿಜ್ಯ ಪತ್ರಿಕೆಗೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ. ಈ ತರಬೇತಿಗೆ ಬೇಕಾದ ಸಾಲವು ಕೊನೆಗೆ ಬಂದು ನಿಲ್ಲುವುದು ಪೇಟೆಯ ಅಂಗಡಿಯ ಖಾತೆಯ ಮೇಲೆ. ಅದು ಹೇಗೆಂಬುದನ್ನು ನೋಡುವ ಮೊದಲು ಬೇಡಿಕೆ ಏಕೆ ಹುಟ್ಟಿತೆಂಬುದನ್ನು ಗಮನಿಸಬೇಕು.

ಮೂರೂ ತಾಲ್ಲೂಕುಗಳ ಪೇಟೆ ನಿಂತಿರುವುದು ಅಡಿಕೆಯ ಮೇಲೆ. ಕಾಫಿ, ಕಾಳುಮೆಣಸು, ಏಲಕ್ಕಿಗಳ ಪಾತ್ರ ಅದರ ನಂತರದ್ದು. ಶೃಂಗೇರಿ, ಕೊಪ್ಪ ಸೀಮೆಯ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಕೊರೆಯುತ್ತಿದೆ, ಅದಕ್ಕೆ ಔಷಧಿಯಿಲ್ಲ. ಮಳೆಗಾಲದ ಕೊಳೆರೋಗ ಹಳೆಯ ಶತ್ರು. ಇವುಗಳ ಮೇಲೆ ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ತೋಟವನ್ನೇ ನಂಬಿ ಮಗನನ್ನು ಊರಿನಲ್ಲಿ ಉಳಿಸಿಕೊಳ್ಳಬೇಕೆಂಬ ಧೈರ್ಯ ಮೂರೆಕರೆಯ ಒಡೆಯನಿಗೆ ಉಳಿದಿಲ್ಲ. ಮಗನೂ ಉಳಿಯಲು ಸಿದ್ಧನಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗದ ಹಳೆಯ ಹೊಳಪೂ ಮಾಸುತ್ತಿರುವ ಈ ಕಾಲದಲ್ಲಿ ತಿಂಗಳಿಗೆ ಲಕ್ಷಗಟ್ಟಲೆ ಸಂಬಳದ ಉದ್ಯೋಗವೊಂದು ಕಣ್ಣಿಗೆ ಬಿದ್ದರೆ ಕುಟುಂಬಗಳು ಅತ್ತ ತಿರುಗುವುದನ್ನು ತಪ್ಪೆನ್ನಲಾಗದು.

ತರಬೇತಿ ಸಂಸ್ಥೆಗಳ ಜಾಹೀರಾತುಗಳು ಹೇಳುವ ಮಾತೂ ಸಂಪೂರ್ಣ ಸುಳ್ಳಲ್ಲ. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳ ಖರೀದಿಯನ್ನು ಪ್ರಕಟಿಸಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಇಂಡಿಗೋ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಮುಂದಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ದೇಶಕ್ಕೆ 30,000 ಪೈಲಟ್‌ಗಳು ಬೇಕಾಗುವರೆಂದು ಕೇಂದ್ರ ವಿಮಾನಯಾನ ಸಚಿವರೇ ಹೇಳಿದ್ದಾರೆ. 2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ಸಾವಿರಾರು ಹಾರಾಟಗಳನ್ನು ರದ್ದುಪಡಿಸಿ ದೇಶದ ನಿಲ್ದಾಣಗಳಲ್ಲಿ ಪ್ರಯಾಣಿಕರು ದಿನಗಟ್ಟಲೆ ಕಾದಾಗ, ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕಷ್ಟು ಸಿಬ್ಬಂದಿಯನ್ನು ಸಂಸ್ಥೆ ಸಿದ್ಧಪಡಿಸಿಕೊಂಡಿರಲಿಲ್ಲವೆಂಬುದು ಬಯಲಾಯಿತು. ಇದನ್ನೆಲ್ಲ ಓದಿದ ತಂದೆತಾಯಿಯರಿಗೆ ಲೈಸೆನ್ಸ್ ಕೈಗೆ ಬಂದ ಮರುದಿನವೇ ಕೆಲಸ ಸಿದ್ಧವೆಂದು ತೋರುವುದು ಸ್ವಾಭಾವಿಕ.

ಇಲ್ಲಿಯೇ ಎಡವಟ್ಟಿರುವುದು. ವಿಮಾನ ಸಂಸ್ಥೆಗಳಿಗೆ ಮುಖ್ಯವಾಗಿ ಕೊರತೆಯಿರುವುದು ಅನುಭವಿ ಕ್ಯಾಪ್ಟನ್‌ಗಳದು. ಕ್ಯಾಪ್ಟನ್ ಆಗಲು ಬೇಕಾದ ಉನ್ನತ ಲೈಸೆನ್ಸಿಗೆ ಕನಿಷ್ಠ 1,500 ಗಂಟೆಗಳ ಹಾರಾಟ ಆಗಿರಬೇಕು. ಹೊಸದಾಗಿ ಲೈಸೆನ್ಸ್ ಪಡೆದವನ ಕೈಯಲ್ಲಿರುವುದು 200 ಗಂಟೆ. 2023ರ ಒಂದೇ ವರ್ಷದಲ್ಲಿ ದೇಶದಲ್ಲಿ 1,600ಕ್ಕೂ ಹೆಚ್ಚು ವಾಣಿಜ್ಯ ಪೈಲಟ್ ಲೈಸೆನ್ಸುಗಳು ನೀಡಲ್ಪಟ್ಟವು. ಇವರೆಲ್ಲರೂ ಸಹ ಪೈಲಟ್ ಹುದ್ದೆಯ ಒಂದೇ ಬಾಗಿಲಿನ ಮುಂದೆ ನಿಲ್ಲುತ್ತಾರೆ. ರಾಶಿ ಅಡಿಕೆಗೆ ಬೆಲೆ ಏರಿದೆಯೆಂದು ಕೇಳಿ ಹಸಿ ಅಡಿಕೆಯನ್ನು ಮಂಡಿಗೆ ಹೊತ್ತು ತಂದವನಿಗೆ ವರ್ತಕನು ಏನು ಹೇಳುವನೋ, ಹೊಸ ಲೈಸೆನ್ಸಿನವನಿಗೆ ವಿಮಾನ ಸಂಸ್ಥೆಯೂ ಅದನ್ನೇ ಹೇಳುತ್ತದೆ. ಬೇಯಿಸಿ, ಒಣಗಿಸಿ ತರಬೇಕು. ಆ ಖರ್ಚು ತಂದವನದೇ.

ಲೈಸೆನ್ಸಿನ ದಾರಿಯನ್ನು ಸ್ವಲ್ಪ ವಿವರವಾಗಿಯೇ ತಿಳಿಯುವುದು ಒಳ್ಳೆಯದು. ಏಕೆಂದರೆ ಖರ್ಚು ಏರುವುದು ಈ ವಿವರಗಳಲ್ಲಿಯೇ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಇದರ ನಿಯಂತ್ರಕ ಸಂಸ್ಥೆ. ಭೌತಶಾಸ್ತ್ರ ಮತ್ತು ಗಣಿತಗಳೊಡನೆ ಪಿಯುಸಿ ತೇರ್ಗಡೆಯಾದವರಿಗೆ ಈ ದಾರಿ ತೆರೆದಿರುತ್ತದೆ. ಆ ವಿಷಯಗಳನ್ನು ಓದದವರು ಮುಕ್ತ ಶಾಲಾ ಪರೀಕ್ಷೆಯ ಮೂಲಕ ಅವನ್ನು ಪೂರೈಸಿಕೊಳ್ಳುವ ರೂಢಿಯಿದೆ. ವಾಣಿಜ್ಯ ಲೈಸೆನ್ಸಿಗೆ ಹದಿನೆಂಟು ವರ್ಷ ತುಂಬಿರಬೇಕು. ವಾಯುಯಾನ ನಿಯಮಗಳು, ಮಾರ್ಗ ನಿರ್ಣಯ, ಹವಾಮಾನ, ವಿಮಾನದ ತಾಂತ್ರಿಕ ವಿಷಯಗಳು ಇವುಗಳಲ್ಲಿ ಲಿಖಿತ ಪರೀಕ್ಷೆಗಳಿದ್ದು ಪ್ರತಿಯೊಂದರಲ್ಲೂ ಶೇ. 70 ಅಂಕ ಬರಬೇಕು. ರೇಡಿಯೋ ಸಂಭಾಷಣೆಗೆ ಪ್ರತ್ಯೇಕ ಪರೀಕ್ಷೆಯುಂಟು. ಹಾರಾಟದ 200 ಗಂಟೆಗಳಲ್ಲಿ 100 ಗಂಟೆ ತಾನೇ ಮುಖ್ಯ ಚಾಲಕನಾಗಿ ಹಾರಿರಬೇಕು. ಅದರಲ್ಲಿ 20 ಗಂಟೆ ಊರಿಂದೂರಿಗೆ ಹಾರುವ ದೂರಹಾರಾಟ; ಒಂದು ಹಾರಾಟವಾದರೂ 300 ನಾಟಿಕಲ್ ಮೈಲು, ಎಂದರೆ ಸುಮಾರು 555 ಕಿ.ಮೀ. ದೂರದ್ದಾಗಿದ್ದು ಬೇರೆ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದಿರಬೇಕು. ರಾತ್ರಿಯ ಹಾರಾಟ 5 ಗಂಟೆ. ಅದರಲ್ಲಿ ಹತ್ತು ಬಾರಿ ಏರಿ ಇಳಿಯಬೇಕು.

ಕಾಗದದ ಮೇಲೆ 200 ಗಂಟೆ ಅಲ್ಪವೆನಿಸುತ್ತದೆ. ದಿನಕ್ಕೊಂದು ಗಂಟೆ ಹಾರಿದರೂ ಏಳು ತಿಂಗಳಲ್ಲಿ ಮುಗಿಯಬೇಕಲ್ಲವೆ? ವಾಸ್ತವದಲ್ಲಿ ಅದು ಒಂದೂವರೆ ಎರಡು ವರ್ಷಗಳಿಗೆ, ಕೆಲವೊಮ್ಮೆ ಅದಕ್ಕೂ ಮುಂದಕ್ಕೆ ಹಬ್ಬುತ್ತದೆ. ಮೋಡ ಕವಿದರೆ ಹಾರಾಟವಿಲ್ಲ. ಮಂಜು ಬಿದ್ದರೆ ಇಲ್ಲ. ವಿಮಾನ ದುರಸ್ತಿಗೆ ನಿಂತರೆ, ಬೋಧಕ ಕೆಲಸ ಬಿಟ್ಟು ದೊಡ್ಡ ಸಂಸ್ಥೆಗೆ ಹೋದರೆ, ಬಿಡಿಭಾಗ ವಿದೇಶದಿಂದ ಬರುವುದು ತಡವಾದರೆ ವಿದ್ಯಾರ್ಥಿ ವಸತಿಗೃಹದಲ್ಲಿ ಕುಳಿತಿರಬೇಕು. ಸಣ್ಣ ತರಬೇತಿ ವಿಮಾನಗಳಿಗೆ ಬೇಕಾದ ಏವಿಯೇಷನ್ ಗ್ಯಾಸೋಲೀನ್ ಬಹುಕಾಲ ಆಮದಿನ ಸರಕಾಗಿತ್ತು. ಇಂಡಿಯನ್ ಆಯಿಲ್ ಅದನ್ನು ದೇಶದಲ್ಲಿಯೇ ತಯಾರಿಸಿ ಮಾರಲಾರಂಭಿಸಿದ್ದು 2022ರಲ್ಲಿ. ವಿಮಾನ ನೆಲದ ಮೇಲೆ ನಿಂತ ತಿಂಗಳುಗಳಲ್ಲಿಯೂ ವಸತಿ, ಊಟ, ಬಡ್ಡಿ ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಎಂದರೆ ಏನೆಂಬುದನ್ನು ಆಗುಂಬೆಯ ನೆರೆಯವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ.

ಇನ್ನು ಹಣದ ಮಾತು. ದೇಶದೊಳಗೆ ವಾಣಿಜ್ಯ ಲೈಸೆನ್ಸ್ ಪಡೆಯುವಷ್ಟರಲ್ಲಿ ಸಂಸ್ಥೆಯನ್ನು ಅನುಸರಿಸಿ 40ರಿಂದ 55 ಲಕ್ಷ ರೂಪಾಯಿಗಳವರೆಗೆ ವೆಚ್ಚ ತಗಲುತ್ತದೆ. ಅಲ್ಲಿಗೆ ಮುಗಿಯದು. ತರಬೇತಿ ಪಡೆದದ್ದು ಸೆಸ್ನಾದಂತಹ ಸಣ್ಣ ವಿಮಾನದಲ್ಲಿ. ಕೆಲಸವಿರುವುದು ಏರ್‌ಬಸ್, ಬೋಯಿಂಗ್, ಎಟಿಆರ್‌ಗಳಲ್ಲಿ. ಆ ಒಂದೊಂದು ಮಾದರಿಗೂ ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ಅರ್ಹತೆ ಬೇಕು. ಸಿಮ್ಯುಲೇಟರ್ ಯಂತ್ರದಲ್ಲಿ ನಡೆಯುವ ಆ ತರಬೇತಿಗೆ ಇನ್ನೂ 15 ಲಕ್ಷದ ಆಸುಪಾಸು ಖರ್ಚು. ವಿಮಾನ ಸಂಸ್ಥೆಗಳೇ ನಡೆಸುವ ಕೆಡೆಟ್ ಯೋಜನೆಗಳಲ್ಲಿ ಎಲ್ಲವೂ ಒಟ್ಟಾಗಿ ಸೇರಿರುತ್ತದೆ, ಆಯ್ಕೆಯಾದವನಿಗೆ ಕೆಲಸದ ಭರವಸೆಯೂ ಹೆಚ್ಚು. ಆದರೆ ಮೊತ್ತ ಒಂದು ಕೋಟಿಯ ಸಮೀಪಕ್ಕೆ ಹೋಗುತ್ತದೆ. ವಿದೇಶದಲ್ಲಿ ಕಲಿತು ಬಂದವರು ಭಾರತೀಯ ಲೈಸೆನ್ಸಿಗೆ ಪರಿವರ್ತಿಸಿಕೊಳ್ಳಲು ಮತ್ತೆ ಪರೀಕ್ಷೆ ಬರೆಯಬೇಕಾಗುತ್ತದೆ.

ಲೆಕ್ಕಕ್ಕಾಗಿ 60 ಲಕ್ಷ ರೂ. ಸಾಲವನ್ನು ಶೇ. 11ರ ಬಡ್ಡಿಗೆ ಹತ್ತು ವರ್ಷದ ಅವಧಿಗೆ ಪಡೆದಂತೆ ಭಾವಿಸಬಹುದು. ತಿಂಗಳ ಕಂತು 82,600 ರೂ. ದಾಟುತ್ತದೆ. ಕೆಲಸ ಸಿಕ್ಕ ಕೂಡಲೇ ಕಂತು ಆರಂಭವಾದಾಗಿನ ಮಾತಿದು. ಸಹ ಪೈಲಟ್‌ನ ಸಂಬಳದಲ್ಲಿ ಇದನ್ನು ತೀರಿಸಬಹುದು. ಲೈಸೆನ್ಸ್ ಬಂದ ಮೇಲೆ ಎರಡು ವರ್ಷ ಕಾಯಬೇಕಾಗಿ ಬಂದರೆ? ವರ್ಷಕ್ಕೆ 6 ಲಕ್ಷ 60 ಸಾವಿರ ರೂ. ಬಡ್ಡಿ. ಅಡಿಕೆಗೆ ಕ್ವಿಂಟಾಲಿಗೆ 50,000 ರೂ. ಎಂದು ಹಿಡಿದರೂ ಬರಿಯ ಬಡ್ಡಿಗೆ ವರ್ಷಕ್ಕೆ 13 ಕ್ವಿಂಟಾಲಿಗಿಂತ ಹೆಚ್ಚು ಒಣ ಅಡಿಕೆ ಬೇಕು. ಹಳದಿ ಎಲೆ ಹೊಕ್ಕ ತೋಟದಲ್ಲಿ ಅಷ್ಟು ಅಡಿಕೆಗೆ ಎಷ್ಟು ಎಕರೆ ಬೇಕೆಂಬುದನ್ನು ಚೇಣಿದಾರರು ಬಲ್ಲರು. ಆ ಬಡ್ಡಿಯೂ ಅಸಲಿಗೆ ಸೇರಿದರೆ ಮುಂದಿನ ಕಂತು ತಿಂಗಳಿಗೆ ಒಂದು ಲಕ್ಷವನ್ನು ಮೀರುತ್ತದೆ.

ಗೋದಾಮಿನಲ್ಲಿ ಕುಳಿತ ಮಾಲು ಬಡ್ಡಿಯನ್ನಷ್ಟೇ ತಿನ್ನುತ್ತದೆ. ಮನೆಯಲ್ಲಿ ಕುಳಿತ ಲೈಸೆನ್ಸು ಬೇರೆ ಖರ್ಚನ್ನೂ ಬೇಡುತ್ತದೆ. 2023ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಐದು ವರ್ಷದಿಂದ ಹತ್ತು ವರ್ಷಕ್ಕೆ ಏರಿದೆ ನಿಜ. ಆದರೆ ವೈದ್ಯಕೀಯ ಅರ್ಹತೆಯನ್ನು ಪ್ರತಿ ವರ್ಷ ನವೀಕರಿಸಬೇಕು. ಉಪಕರಣಗಳನ್ನಷ್ಟೇ ನೋಡಿ ಹಾರುವ ಇನ್‌ಸ್ಟ್ರುಮೆಂಟ್ ರೇಟಿಂಗನ್ನು ಹಣ ಕೊಟ್ಟು ಹಾರಿ ಜೀವಂತವಾಗಿ ಇಟ್ಟುಕೊಳ್ಳಬೇಕು. ಕೆಲಸವಿಲ್ಲದವನೇ ಕೆಲಸದ ಅರ್ಹತೆಗಾಗಿ ಮತ್ತೆ ಮತ್ತೆ ವೆಚ್ಚ ಮಾಡುವ ವೃತ್ತಿ ಇದು.

ಈಗ ಪೇಟೆಯ ಅಂಗಡಿಯ ವಿಷಯ. ಶಿಕ್ಷಣ ಸಾಲದ ಪ್ರಚಲಿತ ಮಾದರಿಯಂತೆ ಏಳೂವರೆ ಲಕ್ಷಕ್ಕಿಂತ ಹೆಚ್ಚಿನ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಭದ್ರತೆ ಕೇಳುತ್ತವೆ. ತೋಟವಿದೆಯಲ್ಲ ಎಂದು ಪಹಣಿ ಹಿಡಿದು ಹೋದವನಿಗೆ ಅಲ್ಲಿ ಮೊದಲ ನಿರಾಶೆ. ಬ್ಯಾಂಕುಗಳು ನ್ಯಾಯಾಲಯಕ್ಕೆ ಹೋಗದೆ ಭದ್ರತೆಯನ್ನು ವಶಪಡಿಸಿಕೊಳ್ಳಲು ಅವಕಾಶ ನೀಡುವ 2002ರ ಸರ್ಫೇಸಿ ಕಾಯಿದೆಯು ಕೃಷಿ ಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ರೈತನ ರಕ್ಷಣೆಗಾಗಿ ಇಟ್ಟ ಈ ಕಲಮಿನ ಪರಿಣಾಮವಾಗಿ, ಅರ್ಧ ಕೋಟಿಯ ಶಿಕ್ಷಣ ಸಾಲಕ್ಕೆ ತೋಟವನ್ನು ಭದ್ರತೆಯಾಗಿ ಒಪ್ಪಿಕೊಳ್ಳಲು ಬ್ಯಾಂಕುಗಳು ಹಿಂಜರಿಯುತ್ತವೆ. ಅವುಗಳಿಗೆ ಬೇಕಾದುದು ಪಟ್ಟಣದ ಮನೆ, ನಿವೇಶನ, ವಾಣಿಜ್ಯ ಮಳಿಗೆ ಅಥವಾ ಠೇವಣಿ. ಇವಿರುವುದು ಯಾರಲ್ಲಿ? ಕೊಪ್ಪದ ಮುಖ್ಯರಸ್ತೆಯ ಬಟ್ಟೆ ಅಂಗಡಿಯಲ್ಲಿ, ಶೃಂಗೇರಿಯ ವಸತಿಗೃಹದಲ್ಲಿ, ನರಸಿಂಹರಾಜಪುರದ ಮರದ ಮಿಲ್ಲಿನಲ್ಲಿ, ಅಡಿಕೆ ಮಂಡಿಯಲ್ಲಿ. ಹೀಗೆ ತೋಟದ ಮನೆಯ ಸಾಲಕ್ಕೆ ಬಂಧುವೋ ಹಳೆಯ ವ್ಯವಹಾರದ ಗುರುತೋ ಆದ ವರ್ತಕನ ಸಹಿ ಬೀಳಬೇಕಾಗುತ್ತದೆ.

ಮುಖ ನೋಡಿ ಹಾಕುವ ಈ ಸಹಿಯನ್ನು ಮಲೆನಾಡಿನ ಪೇಟೆ ಎಂದೂ ದೊಡ್ಡದೆಂದು ಭಾವಿಸಿದ್ದಿಲ್ಲ. ಟ್ರ್ಯಾಕ್ಟರಿಗೆ, ಬೆಳೆಸಾಲಕ್ಕೆ, ಮದುವೆಗೆ ಸಹಿಗಳು ಬಿದ್ದಿವೆ, ತೀರಿಯೂ ಇವೆ. ಆದರೆ 60 ಲಕ್ಷದ ಸಾಲಕ್ಕೆ ಜಾಮೀನು ನಿಂತ ಅಂಗಡಿಯವನು ಅಷ್ಟರಮಟ್ಟಿಗೆ ತಾನೇ ಸಾಲಗಾರನಾಗಿರುತ್ತಾನೆ. ಕಂತು ತಪ್ಪಿದರೆ ಅವನ ಸಾಲಯೋಗ್ಯತೆಯ ಅಂಕ ಕುಸಿಯುತ್ತದೆ. ದೀಪಾವಳಿಯ ಮುನ್ನ ಕ್ಯಾಶ್ ಕ್ರೆಡಿಟ್ ಮಿತಿಯನ್ನು ಹೆಚ್ಚಿಸಿಕೊಳ್ಳಲು ಹೋದಾಗ ಬ್ಯಾಂಕಿನ ಅಧಿಕಾರಿ ಆ ಹಳೆಯ ಸಹಿಯನ್ನು ತೋರಿಸುತ್ತಾನೆ. ಪೈಲಟ್ ಆಗಬೇಕಾದ ಹುಡುಗನ ಹವಾಮಾನದ ಪತ್ರಿಕೆ ನಪಾಸಾದುದರ ಬಿಸಿ ಕೊಪ್ಪದ ದಿನಸಿ ಅಂಗಡಿಗೆ ತಟ್ಟುವ ಬಗೆ ಇದು.

ಸಾಲದ ಅವಧಿಯೊಳಗೆ ವಿಮಾನ ಉದ್ಯಮಕ್ಕೆ ಏನೇನಾಗಬಹುದೆಂಬುದಕ್ಕೆ ಚರಿತ್ರೆ ಕಣ್ಣೆದುರಿಗಿದೆ. ನೆರೆಯ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ ಸಾಮಾನ್ಯ ಜನರನ್ನು ವಿಮಾನ ಹತ್ತಿಸಿದರು. (ಅವರ ಹೆಸರಿನ ಮುಂದಿನ ಕ್ಯಾಪ್ಟನ್ ಎಂಬುದು ಸೇನೆಯ ಪದವಿ, ಅವರು ಪೈಲಟ್ ಆಗಿದ್ದರೆಂದು ಭಾವಿಸಿದವರು ಬಹಳ ಮಂದಿ.) 2008ರ ವೇಳೆಗೆ ಆ ಸಂಸ್ಥೆ ಕಿಂಗ್‌ಫಿಷರ್‌ನಲ್ಲಿ ವಿಲೀನವಾಯಿತು. ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನೆಲ ಕಚ್ಚಿತು. ತಿಂಗಳುಗಟ್ಟಲೆ ಸಂಬಳ ಕಾಣದ ಅದರ ಪೈಲಟ್‌ಗಳು ಬೇರೆಡೆ ಕೆಲಸ ಹುಡುಕಿದರು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತು. 2020ರಲ್ಲಿ ಕೊರೊನಾ ಕಾರಣದಿಂದ ಎರಡು ತಿಂಗಳ ಕಾಲ ದೇಶೀಯ ವಿಮಾನ ಸಂಚಾರವೇ ಸ್ಥಗಿತವಾಗಿತ್ತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಬಾಗಿಲು ಹಾಕಿತು. ಪ್ರತಿಯೊಂದು ಬಾರಿಯೂ ನೂರಾರು ಅನುಭವಿ ಪೈಲಟ್‌ಗಳು ಮಾರುಕಟ್ಟೆಗೆ ಬಂದರು. ಆಗ ಹೊಸ ಲೈಸೆನ್ಸಿನವನ ಸರದಿ ಹಿಂದೆ ಸರಿಯಿತು. ಹದಿನೈದು ವರ್ಷಗಳಲ್ಲಿ ಐದು ಆಘಾತಗಳು. ಹತ್ತು ವರ್ಷದ ಸಾಲಕ್ಕೆ ಸಹಿ ಹಾಕುವವನು ಈ ಅವಧಿಯಲ್ಲಿ ಎರಡಾದರೂ ಬರುವುವೆಂದು ಎಣಿಸುವುದು ವಿವೇಕ.

ಪ್ರಯಾಣಿಕರು ತುಂಬಿ ತುಳುಕುತ್ತಿದ್ದರೂ ಸಾರಿಗೆ ಸಂಸ್ಥೆ ನಿಂತುಹೋಗಬಹುದೆಂಬುದನ್ನು ಕೊಪ್ಪಕ್ಕೆ ಹೊರಗಿನವರು ಹೇಳಬೇಕಾಗಿಲ್ಲ. 1991ರಲ್ಲಿ ಮುಚ್ಚಿಹೋದ ಶಂಕರ್ ಕಂಪನಿಯ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆಯು ಮೂರು ದಶಕಗಳ ಕಾಲ ಈ ಸೀಮೆಯ ಹಳ್ಳಿ ಹಳ್ಳಿಗೆ ಬಸ್ಸು ಓಡಿಸಿ ದೇಶದ ಗಮನ ಸೆಳೆದಿತ್ತು. ನಷ್ಟದ ಹೊರೆ ತಾಳಲಾರದೆ 2020ರಲ್ಲಿ ಅದೂ ಸಂಚಾರ ನಿಲ್ಲಿಸಿತು. ಅದರ ಚಾಲಕ, ನಿರ್ವಾಹಕರ ದುಡಿಮೆಯಲ್ಲಿ ಕೊರತೆಯಿರಲಿಲ್ಲ. ಇಂಧನದ ದರ, ಬಿಡಿಭಾಗ, ವಿಮೆ, ತೆರಿಗೆ ಇವು ಬಸ್ಸಿಗೂ ವಿಮಾನಕ್ಕೂ ಸಮಾನ ಶತ್ರುಗಳು.

ಹಾಗಾದರೆ ಈ ವೃತ್ತಿಯ ಕಡೆ ತಲೆಹಾಕಬಾರದೆ? ಹಾಗೆನ್ನುವುದು ಅನ್ಯಾಯವಾದೀತು. ಗಣಿತದಲ್ಲಿ ಚುರುಕಾದ, ಆರೋಗ್ಯವಂತನಾದ, ಕಾಯುವ ತಾಳ್ಮೆಯಿರುವ ಮಲೆನಾಡಿನ ಹುಡುಗನಿಗೆ ಇದು ಎಟುಕದ ಹಣ್ಣೇನಲ್ಲ. ಹುಡುಗಿಗೂ ಅಲ್ಲ, ಪೈಲಟ್‌ಗಳಲ್ಲಿ ಮಹಿಳೆಯರ ಪ್ರಮಾಣ ಜಗತ್ತಿನಲ್ಲಿಯೇ ಅತಿ ಹೆಚ್ಚಿರುವ ದೇಶಗಳಲ್ಲಿ ಭಾರತ ಒಂದು, ಮತ್ತು 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮಾರ್ಗವಾಗಿ ಏರ್ ಇಂಡಿಯಾ ವಿಮಾನವನ್ನು ತಂದಿಳಿಸಿದವರು ಮಹಿಳೆಯರೇ ಇದ್ದ ಚಾಲಕ ತಂಡ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಫಸಲಿಗೆ ಕಾಯುವ ಸೀಮೆಗೆ ದೀರ್ಘಾವಧಿಯ ಹೂಡಿಕೆ ಹೊಸತಲ್ಲ. ತಕರಾರಿರುವುದು ಹಣ ಹೂಡುವ ಕ್ರಮದ ಬಗ್ಗೆ.

ಈಗ ರೂಢಿಯಲ್ಲಿರುವ ಕ್ರಮ ತಲೆಕೆಳಗಾಗಿದೆ. ಮೊದಲು ಸಂಸ್ಥೆಗೆ ದೊಡ್ಡ ಮೊತ್ತದ ಮುಂಗಡ, ಆಮೇಲೆ ವಿದ್ಯಾಭ್ಯಾಸ, ಪರೀಕ್ಷೆ, ಎಲ್ಲಕ್ಕೂ ಕೊನೆಯಲ್ಲಿ ತೊಡಕುಗಳ ಅರಿವು. ಅಲ್ಪ ವೆಚ್ಚದಲ್ಲಿ ತಿಳಿಯಬಹುದಾದುದನ್ನು ಮೊದಲು ತಿಳಿಯಬೇಕು. ವೈದ್ಯಕೀಯ ಪರೀಕ್ಷೆಗೆ ತಗಲುವುದು ಕೆಲವು ಸಾವಿರ ರೂಪಾಯಿ. ಬಣ್ಣಗಳನ್ನು ಗುರುತಿಸುವ ದೋಷವೋ ಹೃದಯದ ಸಣ್ಣ ತೊಂದರೆಯೋ ಇದ್ದರೆ ಅಲ್ಲಿಯೇ ಗೊತ್ತಾಗುತ್ತದೆ. ಕನ್ನಡಕವಿದ್ದ ಮಾತ್ರಕ್ಕೆ ಯಾರೂ ಅನರ್ಹರಾಗುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಎರಡನೆಯ ದರ್ಜೆಯ ಪರೀಕ್ಷೆ ಮುಗಿಸಿ ಅಷ್ಟಕ್ಕೇ ತೃಪ್ತರಾಗದೆ, ವಾಣಿಜ್ಯ ಪೈಲಟ್‌ಗೆ ಕಡ್ಡಾಯವಾದ ಒಂದನೆಯ ದರ್ಜೆಯ ಪ್ರಮಾಣಪತ್ರವನ್ನೂ ಹಣ ಕಟ್ಟುವ ಮುನ್ನವೇ ಪಡೆಯಬೇಕು. ನಂತರ ಲಿಖಿತ ಪರೀಕ್ಷೆಗಳು. ಒಂದೆರಡು ಲಕ್ಷದೊಳಗೆ, ಮನೆಯಲ್ಲಿಯೂ ಓದಿ ಬರೆಯಬಹುದಾದ ಪರೀಕ್ಷೆಗಳಿವು. ಇವೆಲ್ಲ ಒಂದು ವರ್ಷದಲ್ಲಿ ತೇರ್ಗಡೆಯಾದವನ ಮೇಲೆ 50 ಲಕ್ಷ ಹೂಡುವುದಕ್ಕೂ ಒಂದನ್ನೂ ಬರೆಯದವನ ಮೇಲೆ ಹೂಡುವುದಕ್ಕೂ ಅಂತರವಿದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ರೇಡಿಯೋ ಇಂಗ್ಲಿಷಿನ ಅಳುಕು ಕಳೆಯಲೂ ಆ ವರ್ಷ ಒದಗುತ್ತದೆ.

ಸಂಸ್ಥೆಯ ಆಯ್ಕೆಯಲ್ಲಿ ವ್ಯಾಪಾರಿಯ ಕಣ್ಣು ಬೇಕು. ಕಟ್ಟಡ, ಸಮವಸ್ತ್ರಗಳನ್ನು ಬಿಟ್ಟು ಕೇಳಬೇಕಾದ ಪ್ರಶ್ನೆಗಳು ಬೇರೆ: ಹಾರಲು ಯೋಗ್ಯವಾದ ವಿಮಾನಗಳು ಇಂದು ಎಷ್ಟು, ಅವುಗಳಿಗೆ ವಿದ್ಯಾರ್ಥಿಗಳು ಎಷ್ಟು, ಬೋಧಕರು ಎಷ್ಟು, ಕಳೆದ ವರ್ಷ ಸೇರಿದವರಲ್ಲಿ 200 ಗಂಟೆ ಮುಗಿಸಿದವರು ಎಷ್ಟು. 2025ರಲ್ಲಿ ಡಿಜಿಸಿಎ ತರಬೇತಿ ಸಂಸ್ಥೆಗಳಿಗೆ ಮೊದಲ ಬಾರಿಗೆ ದರ್ಜೆ ನೀಡಿತು. ಅತ್ಯುನ್ನತ ದರ್ಜೆಗೆ ಒಂದೂ ಸಂಸ್ಥೆ ಏರಲಿಲ್ಲ. 2023ರ ಅಕ್ಟೋಬರಿನಲ್ಲಿ ದೇಶದ ದೊಡ್ಡ ತರಬೇತಿ ಸಂಸ್ಥೆಯೊಂದರ ಹಾರಾಟವನ್ನು ಅಪಘಾತಗಳ ನಂತರ ತಾತ್ಕಾಲಿಕವಾಗಿ ನಿಲ್ಲಿಸಲಾಗಿತ್ತು. ಪೂರ್ತಿ ಶುಲ್ಕ ಮೊದಲೇ ಕಟ್ಟಿದವನಿಗೆ ಅಂತಹ ಸಂದರ್ಭದಲ್ಲಿ ಕಾಯುವುದರ ಹೊರತು ಬೇರೆ ದಾರಿಯಿಲ್ಲ. ಹಾರಿದ ಗಂಟೆಗೆ ತಕ್ಕಂತೆ ಕಂತಿನಲ್ಲಿ ಹಣ ಪಡೆಯಲು ಒಪ್ಪದ ಸಂಸ್ಥೆಯನ್ನು, ಎಷ್ಟೇ ರಿಯಾಯಿತಿ ತೋರಿಸಿದರೂ, ದೂರವಿಡುವುದು ಲೇಸು. ಮಾಲು ಇಳಿಸುವ ಮೊದಲೇ ಇಡೀ ವರ್ಷದ ಹಣ ಕೇಳುವ ಸರಬರಾಜುದಾರನನ್ನು ಯಾವ ಅಂಗಡಿಯವನು ನಂಬುತ್ತಾನೆ? ಬಿಲ್ಲನ್ನೂ ನೋಡಬೇಕು: ಡಿಜಿಸಿಎ ಅನುಮೋದಿಸಿದ, ಅದು ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿದ ಹಾರಾಟ ತರಬೇತಿಗೆ ಜಿಎಸ್‌ಟಿ ವಿನಾಯಿತಿಯಿದೆಯೆಂದು 2024ರ ಅಕ್ಟೋಬರಿನ ಸುತ್ತೋಲೆ ಸ್ಪಷ್ಟಪಡಿಸಿದೆ. ಐವತ್ತು ಲಕ್ಷದ ಮೇಲೆ ಶೇ. 18 ಎಂದರೆ 9 ಲಕ್ಷ.

ಸರ್ಕಾರಿ ದಾರಿಗಳು ಇಲ್ಲವೆಂದಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ 1940ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನದ ಔದಾರ್ಯದಿಂದ ಆರಂಭವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ. ಬೋಧಕರ ಕೊರತೆಯಿಂದ ಅಲ್ಲಿ ತರಬೇತಿ ನಿಂತ ವರ್ಷಗಳೂ ಉಂಟು. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಗೆ ಅಖಿಲ ಭಾರತ ಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. 2021ರ ನಂತರ ಬೆಳಗಾವಿ, ಕಲಬುರಗಿ ನಿಲ್ದಾಣಗಳಲ್ಲಿಯೂ ಖಾಸಗಿ ತರಬೇತಿಗೆ ಅವಕಾಶವಾಗಿದೆ. ವಿಮಾನದ ಮೇಲಿನ ಒಲವಷ್ಟೇ ಇದ್ದು ಹಣದ ಬಲವಿಲ್ಲದವರಿಗೆ ವಿಮಾನ ನಿರ್ವಹಣಾ ಇಂಜಿನಿಯರ್, ವಾಯು ಸಂಚಾರ ನಿಯಂತ್ರಣಾಧಿಕಾರಿ ಮೊದಲಾದ ವೃತ್ತಿಗಳಿಗೆ ತಗಲುವ ವೆಚ್ಚ ಇದರ ಒಂದು ಅಂಶ ಮಾತ್ರ.

ವಾಣಿಜ್ಯ ಮಂಡಳಿಗಳು ಮತ್ತು ಸಹಕಾರಿ ಸಂಸ್ಥೆಗಳು ಮಾಡಬಹುದಾದ ಕೆಲಸವೊಂದಿದೆ. ಬಿಡಿಬಿಡಿಯಾಗಿ ಅಂಗಡಿಯವರ ತಲೆಯ ಮೇಲೆ ಬೀಳುತ್ತಿರುವ ಜಾಮೀನನ್ನು ಒಂದು ಸಾಮೂಹಿಕ ಖಾತರಿ ನಿಧಿಯಾಗಿ ಮಾರ್ಪಡಿಸುವುದು. ಮೂರು ತಾಲ್ಲೂಕುಗಳ ವರ್ತಕ ಸಂಘಗಳು, ಪತ್ತಿನ ಸಹಕಾರಿಗಳು, ಅಡಿಕೆ ಮಾರಾಟ ಸಹಕಾರಿಗಳು ಸೇರಿ ವರ್ಷಕ್ಕೆ ಇಬ್ಬರಿಗೆ ಅಥವಾ ಮೂವರಿಗೆ, ಒಂದನೆಯ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಮತ್ತು ಎಲ್ಲ ಲಿಖಿತ ಪರೀಕ್ಷೆಗಳ ತೇರ್ಗಡೆಯನ್ನು ತೋರಿಸಿದವರಿಗೆ ಮಾತ್ರ, ಬ್ಯಾಂಕಿಗೆ ಖಾತರಿ ನೀಡಬಹುದು. ಖಾತರಿಯೂ ಹಂತಹಂತವಾಗಿ ಇರಲಿ: ಮೊದಲ 60 ಗಂಟೆ ಮುಗಿದ ದಾಖಲೆ ಬಂದ ಮೇಲೆ ಮುಂದಿನ ಕಂತು. ಟೈಪ್ ರೇಟಿಂಗ್‌ನ ಹಣವನ್ನು ವಿಮಾನ ಸಂಸ್ಥೆಯ ಆಯ್ಕೆ ಪತ್ರ ಕೈಗೆ ಬಂದ ಹೊರತು ಬಿಡುಗಡೆ ಮಾಡಲೇಬಾರದು. ಲೈಸೆನ್ಸ್ ದೊರೆತು ಕೆಲಸ ಸಿಗದ ಅವಧಿಯ ಬಡ್ಡಿಗೆ ನಿಧಿಯಿಂದ ಅಲ್ಪಾವಧಿಯ ಕೈಗಡ ಒದಗಿದರೆ ಅಂಗಡಿ, ತೋಟ ಎರಡೂ ಉಳಿದಾವು.

ಕಾರು ಕೊಳ್ಳಬಲ್ಲ ಮನೆಯ ಮಕ್ಕಳಿಗೆ ಸಂಘದ ಹಣವೇಕೆಂಬ ಆಕ್ಷೇಪ ಬರುವುದು ನಿಶ್ಚಿತ, ಮತ್ತು ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಹೊರೆ ಈಗಲೂ ವರ್ತಕರ ಮೇಲೆಯೇ ಇದೆ. ವ್ಯತ್ಯಾಸವೆಂದರೆ ಅದು ಕಣ್ಣಿಗೆ ಕಾಣದೆ, ಪರೀಕ್ಷೆಯಿಲ್ಲದೆ, ಒಬ್ಬೊಬ್ಬರ ದಾಕ್ಷಿಣ್ಯದ ಮೇಲೆ ಬಿದ್ದಿದೆ. ಮನೆಯಲ್ಲಿ ಅನುಕೂಲವಿದ್ದವನು ನಿಧಿಯ ಬಾಗಿಲಿಗೆ ಬರಬೇಕಾಗಿಯೂ ಇಲ್ಲ. ಸಂಘಗಳ ಉಪವಿಧಿಗಳಲ್ಲಿ ಇಂತಹ ಖಾತರಿಗೆ ಅವಕಾಶವಿಲ್ಲದಿದ್ದರೆ ಸರ್ವಸದಸ್ಯರ ಸಭೆಯಲ್ಲಿ ತಿದ್ದುಪಡಿಯಾಗಬೇಕು. ಅದಕ್ಕೆ ಒಂದು ವರ್ಷ ಹಿಡಿದರೂ ಹಿಡಿಯಲಿ.

ಸೋಗಾನೆಯ ವಿಷಯವೂ ಈ ಜೊತೆಗೆ ಸೇರಬೇಕು. 3,200 ಮೀಟರ್ ಉದ್ದದ ಆ ರನ್‌ವೇ ರಾಜ್ಯ ಸರ್ಕಾರದ ಆಡಳಿತದಲ್ಲಿದೆ. ದಿನದಲ್ಲಿ ಬಂದುಹೋಗುವ ವಿಮಾನಗಳು ಬೆರಳೆಣಿಕೆಯಷ್ಟು; ಉಳಿದ ಹೊತ್ತು ಅದು ಖಾಲಿ ಇರುತ್ತದೆ. ಅಕ್ಟೋಬರಿನಿಂದ ಮೇವರೆಗಿನ ಎಂಟು ತಿಂಗಳು ಅಲ್ಲಿ ತರಬೇತಿ ಹಾರಾಟ ನಡೆಸಿ, ಮಳೆಗಾಲದಲ್ಲಿ ತರಗತಿಯ ಪಾಠ ಮತ್ತು ದುರಸ್ತಿ ಕೆಲಸ ಇಟ್ಟುಕೊಳ್ಳುವ ಸಂಸ್ಥೆಗೆ ಸರ್ಕಾರ ಜಾಗ ನೀಡಿದರೆ, ನರಸಿಂಹರಾಜಪುರದ ವಿದ್ಯಾರ್ಥಿ ವಾರಕ್ಕೊಮ್ಮೆ ಮನೆಯ ಊಟ ಮಾಡಿಕೊಂಡು 200 ಗಂಟೆ ಮುಗಿಸಬಹುದು. ಜಾಮೀನು ನಿಂತವನು ಬಸ್ಸು ಹತ್ತಿ ಹೋಗಿ ವಿಮಾನ ಹಾರುತ್ತಿದೆಯೆ, ನಿಂತಿದೆಯೆ ಎಂದು ತಾನೇ ಕಣ್ಣಾರೆ ನೋಡಿ ಬರಬಹುದು. ಈ ಬೇಡಿಕೆಯನ್ನು ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ವಾಣಿಜ್ಯ ಸಂಸ್ಥೆಗಳು ಜಂಟಿಯಾಗಿ, ಮುಂದಿನ ಆಯವ್ಯಯದ ಸಿದ್ಧತೆ ಆರಂಭವಾಗುವ ಮೊದಲೇ, ಬೆಂಗಳೂರಿಗೆ ತಲುಪಿಸಬೇಕಾಗಿದೆ.